ಹತ್ತೊಂಬತ್ತು ಒಂದುಗಳ ಬೀಗ

ಹಲ್ಲಿನ ಡಾಕ್ಟರುಗಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಆದರೆ ಕಾಯುವವರಿಗೆಂದು ಅವರು ಬೆಂಚಿನ ಪಕ್ಕದಲ್ಲಿ ಹಳೆಯ ಪತ್ರಿಕೆಗಳನ್ನು ಪೇರಿಸಿಡುತ್ತಾರಲ್ಲ, ಅದನ್ನು ಮಾತ್ರ ಸರ್ಕಾರ ಕೂಡಲೇ ನಿಲ್ಲಿಸಬೇಕು. ನಮ್ಮನೆಯವರು ದವಡೆಹಲ್ಲು ಕೀಳಿಸಿಕೊಳ್ಳಲು ಹೋದ ದಿನ ಡಾಕ್ಟರು ತಡವಾಗಿ ಬಂದರು. ಆ ಬಿಡುವಿನಲ್ಲಿ ಇವರು ಗಣಿತದ ಮೇಲಿನ ಒಂದು ಲೇಖನ ಓದಿದರು. ಅಂದರೆ ಅರ್ಧ ಓದಿದರು. ಮಿಕ್ಕ ಅರ್ಧವಿದ್ದ ಹಾಳೆಯನ್ನು ಯಾರೋ ಹರಿದುಕೊಂಡು ಹೋಗಿದ್ದರು. ಪೂರ್ತಿ ಓದಿದ್ದರೆ ಮನೆ ಸೇರುವಷ್ಟರಲ್ಲಿ ಮರೆತುಬಿಡುತ್ತಿದ್ದರು. ಅರ್ಧವೇ ಓದಿದ್ದರಿಂದ ವಿದ್ವಾಂಸರಾಗಿ ಬಂದರು.

ಬಂದವರು ಚಪ್ಪಲಿಯನ್ನೂ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಕೇಳಿಲ್ಲಿ, ಅಫಿಬಾಝ್ಯ ಫಂಖ್ಯೆ ಅಂದ್ರೆ ಏನು ಗೊತ್ತಾ?" ಎಂದರು. ದವಡೆಗೆ ಕೊಟ್ಟ ಇಂಜೆಕ್ಷನ್ನಿನ ಜೋಮು ಇನ್ನೂ ಇಳಿದಿರಲಿಲ್ಲ. ತುಟಿ ಒಂದು ಕಡೆಗೆ ಜೋತುಬಿದ್ದಿತ್ತು. ಅತ್ತೆ ಕೋಣೆಯಿಂದ ಓಡಿ ಬಂದು ಮಗನ ಮುಖ ನೋಡಿ, "ಅಯ್ಯೋ, ನನ್ನ ಮಗನಿಗೆ ಲಕ್ವ ಹೊಡೀತಲ್ಲೇ!" ಎಂದು ಗೋಳೋ ಎಂದರು.

"ಲಕ್ವ ಅಲ್ಲಮ್ಮಾ, ಗಣಿತ," ಎಂದರು ಇವರು.

"ಅಂಟೋ ಕಾಯಿಲೇನಾ?" ಎಂದು ಅತ್ತೆ ನನ್ನನ್ನು ಕೇಳಿದರು. ಅಲ್ಲ ಎಂದೆ. ನಾನು ಆಡಿದ ತಪ್ಪು ಮಾತುಗಳಲ್ಲಿ ಅದು ಮೊದಲನೆಯ ಸಾಲಿನಲ್ಲಿ ನಿಲ್ಲುತ್ತದೆ. ಒಂದೆರಡು ತಿಂಗಳಲ್ಲಿ ಇಡೀ ಕಟ್ಟಡಕ್ಕೇ ಅಂಟಿತು.

ನಮ್ಮನೆಯವರ ಪರಿಚಯ ಮಾಡಿಕೊಡುತ್ತೇನೆ. ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವುದು ಇವರ ಕೆಲಸ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಇವರು ಬರೆಯುತ್ತಾರೆ, ಬಸ್ಸುಗಳು ತಮಗೆ ತೋಚಿದ ಹೊತ್ತಿಗೆ ಹೊರಡುತ್ತವೆ. ಹೀಗೆ ಇಪ್ಪತ್ತು ವರ್ಷ ಯಾರೂ ತನ್ನ ಮಾತು ಕೇಳದ ಮನುಷ್ಯ ಹೊರಗೆ ಎಲ್ಲಾದರೂ ನಾಲ್ಕು ಜನ ಕೇಳುವ ಹಾಗೆ ಮಾತಾಡಬೇಕು ಎಂದು ಆಸೆಪಟ್ಟರೆ ತಪ್ಪೇನಿಲ್ಲ. ಆ ನಾಲ್ಕು ಜನರಲ್ಲಿ ಮೂರು ಜನ ನಾನೇ ಆಗಿರುತ್ತೇನೆ, ಅದೇ ನನ್ನ ತಕರಾರು.

ನಾನು ಕೇಕು ಮಾಡುತ್ತೇನೆ. ಮನೆಯಲ್ಲೇ ಓವನ್ನು ಇಟ್ಟುಕೊಂಡು, ಅಕ್ಕಪಕ್ಕದ ಮಕ್ಕಳ ಹುಟ್ಟುಹಬ್ಬಕ್ಕೆ, ಆಫೀಸಿನವರ ಬೀಳ್ಕೊಡುಗೆಗೆ. ಅಂದರೆ ನನ್ನ ಕಸುಬೇ ಭಾಗ ಮಾಡುವುದು. ಇವರು ಬಂದು ಭಾಗವೇ ಆಗದ ಸಂಖ್ಯೆಯ ಗುಣಗಾನ ಶುರು ಮಾಡಿದರೆ ನನಗೆ ಹೇಗಾಗಬೇಡ!

"ಒಂದು, ಮತ್ತೆ ತಾನು, ಇವೆರಡು ಬಿಟ್ಟು ಇನ್ನು ಯಾವುದರಿಂದ ಭಾಗಿಸಿದರೂ ಅದು ಬಗ್ಗಲ್ಲ ಕಣೇ. ಏನಾದರೂ ಒಂದಿಷ್ಟು ಉಳಿದೇ ಉಳಿಯುತ್ತೆ. ಅದೇ ಅವಿಭಾಜ್ಯ. ಏಳು, ಹನ್ನೊಂದು, ಹದಿಮೂರು... ಇವೆಲ್ಲ ಪುಟಾಣಿಗಳು. ದೊಡ್ಡ ದೊಡ್ಡವು ಇರ್ತಾವೆ. ದೊಡ್ಡ ಬ್ಯಾಂಕುಗಳ ಗುಟ್ಟನ್ನೆಲ್ಲ ಕಾಯೋದು ಅವೇ!"

"ಒಂದು ಸಂಖ್ಯೆ ಹೇಗ್ರೀ ಬ್ಯಾಂಕು ಕಾಯುತ್ತೆ?"

"ಅದು ಮುಂದಿನ ಪುಟದಲ್ಲಿತ್ತು."

ಲೇಖನದಲ್ಲಿ ಒಂದು ಸಂಖ್ಯೆ ಇವರ ಮನಸ್ಸಿಗೆ ನಾಟಿಬಿಟ್ಟಿತ್ತು. ಒಂದು ಎಂಬ ಅಂಕಿಯನ್ನೇ ಸಾಲಾಗಿ ಹತ್ತೊಂಬತ್ತು ಸಲ ಬರೆಯಬೇಕು. ಬೇರೆ ಅಂಕಿಯ ಸುಳಿವೇ ಇಲ್ಲ. ನೋಡಿದರೆ ಬೇಲಿಯ ಹಾಗೆ ಕಾಣುತ್ತದೆ. ಅದು ಅವಿಭಾಜ್ಯವಂತೆ. ಹದಿನೆಂಟು ಬರೆದರೆ ಕಂಡಕಂಡದ್ದರಿಂದ ಭಾಗವಾಗುತ್ತದಂತೆ, ಇಪ್ಪತ್ತು ಬರೆದರೂ ಅಷ್ಟೇ. ಹತ್ತೊಂಬತ್ತು ಮಾತ್ರ ಕಬ್ಬಿಣ.

ಪತ್ರಿಕೆಯವರ ಮಾತನ್ನು ಸುಮ್ಮನೆ ನಂಬುವ ಜಾಯಮಾನ ಇವರದಲ್ಲ. ತಾವೇ ಭಾಗಿಸಿ ನೋಡಲು ಕೂತರು. ಎರಡರಿಂದ ಭಾಗಿಸಿದರು, ಒಂದು ಉಳಿಯಿತು. ಮೂರರಿಂದ, ಒಂದು ಉಳಿಯಿತು. ಐದು, ಏಳು, ಹನ್ನೊಂದು, ಹದಿಮೂರು, ಎಲ್ಲದಕ್ಕೂ ಒಂದೇ ಒಂದು ಉಳಿಯಿತು. ಪ್ರತಿ ಸಲವೂ ಅಡುಗೆಮನೆಗೆ ಬಂದು "ಒಂದೇ ಉಳೀತು!" ಎಂದು ಕೂಗಿ ಹೋಗುತ್ತಿದ್ದರು. ಹಾಲಿನವನು ಅದನ್ನು ಕೇಳಿ ಒಂದೇ ಪ್ಯಾಕೆಟ್ ಇಟ್ಟು ಹೋದ. ಹದಿನೇಳರಿಂದ ಭಾಗಿಸಿದ ದಿನ ಮಾತ್ರ ಮನೆಯಲ್ಲಿ ಸೂತಕದ ಕಳೆ. ಒಂಬತ್ತು ಉಳಿಯಿತು. ಮತ್ತೆ ಭಾಗಿಸಿದರು, ಮತ್ತೆ ಒಂಬತ್ತು. ಊಟ ಸೇರಲಿಲ್ಲ. "ಈ ಹದಿನೇಳಕ್ಕೆ ಏನು ಬಂದಿದೆ ರೋಗ? ಎಲ್ಲರ ಹಾಗೆ ಇರೋಕ್ಕಾಗಲ್ವಾ?" ಎಂದು ಹಲ್ಲು ಕಡಿದರು. ಮಾರನೆಯ ದಿನ ಹತ್ತೊಂಬತ್ತರಿಂದ ಭಾಗಿಸಿ ಮತ್ತೆ ಒಂದು ಉಳಿದ ಮೇಲೆಯೇ ಇವರಿಗೆ ಜೀವ ಬಂದದ್ದು. ಅಲ್ಲಿಗೆ ಸಂಖ್ಯೆಯ ಪರೀಕ್ಷೆ ಮುಗಿಯಿತು ಎಂದು ಘೋಷಿಸಿದರು. ಹದಿನೇಳರ ಜೊತೆ ಮಾತ್ರ ಇವತ್ತಿಗೂ ಮಾತಿಲ್ಲ.

ಇದು ನಮ್ಮ ಮನೆಯೊಳಗೇ ಇದ್ದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೂರನೆಯ ಮಹಡಿಯ ಅಧ್ಯಕ್ಷರ ಮನೆಯ ಕಾಲೊರಸು ಕಳುವಾಯಿತು. ಅಧ್ಯಕ್ಷರು ಎಂದರೆ ನಮ್ಮ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು. ಹಿಂದೆ ಸ್ಟೇಷನ್ ಮಾಸ್ತರರಾಗಿದ್ದವರು. ಈಗಲೂ ಮೆಟ್ಟಿಲಿಳಿಯುವಾಗ ಎಡಕ್ಕೂ ಬಲಕ್ಕೂ ನೋಡಿ, ಯಾವ ಗಾಡಿಯೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿಯುತ್ತಾರೆ. ಅವರು ತುರ್ತು ಸಭೆ ಕರೆದರು.

"ಇವತ್ತು ಕಾಲೊರಸು, ನಾಳೆ ಬಾಗಿಲು!" ಎಂದು ಗುಡುಗಿದರು. "ಗೇಟಿಗೆ ನಂಬರ್ ಒತ್ತೋ ಬೀಗ ಹಾಕಿಸಲೇಬೇಕು. ನಂಬರ್ ಯಾವುದಿಡೋಣ?"

ಕೆಳಮನೆ ಅಕ್ಕ, "ಒಂದು ಎರಡು ಮೂರು ನಾಲ್ಕು ಇಡಿ, ನೆನಪಿರುತ್ತೆ," ಎಂದರು. ಕಟ್ಟಡದಲ್ಲಿ ತಲೆ ನೆಟ್ಟಗಿರುವವರು ಆಕೆಯೊಬ್ಬರೇ. ಅದಕ್ಕೇ ಆಕೆಯ ಮಾತು ಯಾರೂ ಕೇಳುವುದಿಲ್ಲ.

ನಮ್ಮನೆಯವರು ಎದ್ದು ನಿಂತರು. ಶರಟಿನ ಕಾಲರು ಸರಿಮಾಡಿಕೊಂಡರು.

"ಎರಡರಿಂದ ಭಾಗವಾಗೋ ನಂಬರನ್ನ ಗೇಟಿಗಿಡೋದು ಅಂದ್ರೆ, ಕಳ್ಳನಿಗೆ ಕುರ್ಚಿ ಹಾಕಿ ಕೂರಿಸಿದ ಹಾಗೆ," ಎಂದು ಶುರು ಮಾಡಿದರು. ಆಮೇಲೆ ಬ್ಯಾಂಕು, ಗುಟ್ಟು, ಹತ್ತೊಂಬತ್ತು ಒಂದುಗಳು ಎಲ್ಲ ಬಂದವು. ಹದಿನೇಳನ್ನು ಮಾತ್ರ ಹಾರಿಸಿಬಿಟ್ಟರು. ಸಭೆ ಬಾಯಿ ಬಿಟ್ಟುಕೊಂಡು ಕೇಳಿತು. ಅಷ್ಟು ಜನ ಬಾಯಿ ಬಿಟ್ಟದ್ದನ್ನು ಇವರು ಜೀವಮಾನದಲ್ಲಿ ನೋಡಿರಲಿಲ್ಲ. ಆ ಹುರುಪಿನಲ್ಲಿ ಇನ್ನೂ ಒಂದಿಷ್ಟು ಸಲಹೆ ಕೊಟ್ಟರು. ಗೇಟಿನ ಮೇಲೆ ಮೊಳೆ, ಗೋಡೆಯ ಮೇಲೆ ಗಾಜಿನ ಚೂರು ಹಾಕಿಸಬೇಕು. ಹಿಂದಿನ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಬೇಕು. ಮತ್ತೆ, ಹೊರಗೆ ಹೋಗಬೇಕಾದರೂ ನಂಬರ್ ಒತ್ತಿಯೇ ಹೋಗಬೇಕು.

"ಅದ್ಯಾಕೆ?" ಎಂದು ಕೆಳಮನೆ ಅಕ್ಕ ಕೇಳಿದರು.

"ಹೇಗೋ ಒಳಗೆ ಬಂದ ಅಂತಿಟ್ಟುಕೊಳ್ಳಿ. ಹೊರಗೆ ಹೋಗೋಕೆ ಬಿಡ್ತೀರಾ?"

ಅಧ್ಯಕ್ಷರು ಎದ್ದು ಬಂದು ಇವರ ಕೈ ಕುಲುಕಿದರು.

ಬೀಗದ ಅಂಗಡಿಯವನು ಬಂದು ಗೇಟಿನ ಕಂಬಕ್ಕೆ ಒಂದು ಪುಟ್ಟ ಡಬ್ಬಿ ಕೂರಿಸಿದ. ಅದರ ಮೇಲೆ ಸೊನ್ನೆಯಿಂದ ಒಂಬತ್ತರವರೆಗೆ ಗುಂಡಿಗಳು, ಕೆಳಗೊಂದು ಹಸಿರು ಗುಂಡಿ. ಒಳಗಿನವರೂ ಹೊರಗಿನವರೂ ಅದನ್ನೇ ಒತ್ತಬೇಕು. ಅಂಕಿಗಳನ್ನು ಒತ್ತಿ ಹಸಿರು ಒತ್ತಿದರೆ ಗೇಟು ಕಟಕ್ಕೆಂದು ತೆರೆಯುತ್ತದೆ, ಇಲ್ಲದಿದ್ದರೆ ಕುಂಯ್ ಎಂದು ಅಳುತ್ತದೆ.

"ಹತ್ತೊಂಬತ್ತು ಅಂಕಿ ತಗೊಳ್ಳುತ್ತೇನಪ್ಪಾ?" ಎಂದು ಇವರು ಕೇಳಿದರು.

"ಹತ್ತೊಂಬತ್ತೇನು ಸರ್, ಐವತ್ತು ಒತ್ತಿ. ಅದು ಬೇಡ ಅನ್ನಲ್ಲ," ಎಂದ ಆ ಪುಣ್ಯಾತ್ಮ.

ಮಾರನೆಯ ಬೆಳಗಿನಿಂದ ನಮ್ಮ ಕಟ್ಟಡದ ಹಣೆಬರಹ ಬದಲಾಯಿತು. ಒಂದನ್ನು ಹತ್ತೊಂಬತ್ತು ಸಲ ಒತ್ತುವುದು ಕೇಳಲು ಸುಲಭ. ಒತ್ತಿ ನೋಡಿ. ಹನ್ನೆರಡಕ್ಕೆ ಬರುವಷ್ಟರಲ್ಲಿ ಯಾರಾದರೂ "ಏನು, ಆಫೀಸಿಗಾ?" ಎಂದು ಕೇಳುತ್ತಾರೆ. "ಹೂಂ" ಎಂದಿರೋ, ಎಣಿಕೆ ಕೆಟ್ಟಿತು. ಬೆಳಗಿನ ಹೊತ್ತು ಗೇಟಿನ ಬಳಿ ಉದ್ದನೆಯ ಸಾಲು, ಎಲ್ಲರೂ ತುಟಿ ಅಲ್ಲಾಡಿಸುತ್ತ ನಿಂತಿರುತ್ತಿದ್ದರು. ಹೊಸಬರು ನೋಡಿದರೆ ಏನೋ ಪ್ರಾರ್ಥನೆ ನಡೆದಿದೆ ಎಂದುಕೊಳ್ಳಬೇಕು. ಡಬ್ಬಿ ಕುಂಯ್ ಎಂದಾಗಲೆಲ್ಲ ಹಿಂದಿನವರು ಹಣೆ ಚಚ್ಚಿಕೊಳ್ಳುವರು.

ವಿಚಿತ್ರವೆಂದರೆ, ಶಾಲೆಯ ಮಕ್ಕಳು ಓಡಿ ಬಂದು ಪಟಪಟನೆ ಒತ್ತಿ ನಗುತ್ತ ಹೊರಟುಹೋಗುತ್ತಿದ್ದವು. ಕೆಳಮನೆ ಅಕ್ಕ ಪಕ್ಕದ ಮನೆಯ ಸೊಸೆಯ ವಿಚಾರ ಮಾತಾಡುತ್ತಲೇ ಒತ್ತಿ ತೆರೆದುಬಿಡುತ್ತಿದ್ದರು. ಕುಂಯ್ ಎನಿಸುತ್ತಿದ್ದವರು ನಿಧಾನಸ್ಥರು, ಜಾಗರೂಕರು, ಬೆರಳು ಎತ್ತಿ, ಯೋಚಿಸಿ, ಇಳಿಸುವವರು. ಅವರಲ್ಲೆಲ್ಲ ಅಗ್ರಗಣ್ಯರು ಯಾರು ಎಂದು ಬೇರೆ ಹೇಳಬೇಕೆ? ನಮ್ಮನೆಯವರೇ. ಪ್ರತಿ ಅಂಕಿಯನ್ನೂ ಗೌರವದಿಂದ ಒತ್ತುತ್ತಿದ್ದರು, ಪ್ರತಿ ದಿನವೂ ಅದು ಇವರ ಮುಖಕ್ಕೆ ಕುಂಯ್ ಎನ್ನುತ್ತಿತ್ತು. ಡಿಪೋಗೆ ತಡವಾಗಿ ಹೋಗತೊಡಗಿದರು. ವೇಳಾಪಟ್ಟಿ ಬರೆಯುವವರೇ ತಡ!

"ಮನಸ್ಸಿನಲ್ಲಿ ಏಕಾಗ್ರತೆ ಇಲ್ಲ," ಎಂದು ಮಾತ್ರ ಎಲ್ಲರಿಗೂ ಉಪದೇಶ ಮಾಡುತ್ತಿದ್ದರು. ಕೊನೆಗೆ ಸಾಲಿನ ಮುಂದೆ ನಿಂತು, "ಐದು ಒತ್ತಿ, ಉಸಿರು ತಗೊಳ್ಳಿ. ಇನ್ನೈದು, ಉಸಿರು. ಇನ್ನೈದು, ಉಸಿರು. ಕೊನೆಗೆ ನಾಲ್ಕು," ಎಂದು ಪಾಠ ಹೇಳಿಕೊಟ್ಟರು.

ಅಧ್ಯಕ್ಷರು ಕಣ್ಣು ಕಿರಿದು ಮಾಡಿದರು. "ಭಾಗವೇ ಆಗಲ್ಲ ಅಂದ್ರಿ. ಈಗ ನೀವೇ ನಾಲ್ಕು ಭಾಗ ಮಾಡ್ತಿದ್ದೀರಲ್ಲ?"

"ಅದು ಬೇರೆ ಭಾಗ, ಇದು ಬೇರೆ ಭಾಗ."

"ಹೇಗೆ ಬೇರೆ?"

ಇವರು ತುಸು ಹೊತ್ತು ಆಕಾಶ ನೋಡಿದರು. "ಮುಂದಿನ ಪುಟದಲ್ಲಿತ್ತು," ಎಂದರು.

ಅದೇ ವಾರ ನನ್ನ ಅಣ್ಣ ನಮ್ಮನ್ನು ನೋಡಲು ಬಂದ. ಗೇಟಿನ ಹೊರಗೆ ನಿಂತು ಕೂಗಿದ. ಇವರು ಬಾಲ್ಕನಿಗೆ ಹೋದರು. ಗುಟ್ಟಿನ ಸಂಖ್ಯೆಯನ್ನು ಬೀದಿ ತುಂಬ ಕೇಳುವ ಹಾಗೆ ಕೂಗುವಂತಿಲ್ಲ. ಹಾಗಾಗಿ ಮೊದಲು ಒಂದು ಬೆರಳು ತೋರಿಸಿದರು, ಆಮೇಲೆ ಎರಡೂ ಕೈ ಬಿಡಿಸಿ ಹತ್ತು ಬೆರಳು, ಆಮೇಲೆ ಒಂದು ಹೆಬ್ಬೆರಳು ಮಡಿಸಿ ಒಂಬತ್ತು. ಅಣ್ಣ ಕೆಳಗಿನಿಂದ ನೋಡಿದ. ಒಂದು ಬೆರಳು ತೋರಿಸಿ ಕಾಯಲು ಹೇಳಿ, ಆಮೇಲೆ ಎರಡು ಕೈಯಲ್ಲೂ ಹೋಗು ಹೋಗು ಎಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನಾನು ಓಡಿ ಇಳಿಯುವಷ್ಟರಲ್ಲಿ ಬೀದಿಯ ತಿರುವು ದಾಟಿಬಿಟ್ಟಿದ್ದ. ಫೋನಿನಲ್ಲಿ, "ನಿನ್ನ ಗಂಡ ನನ್ನನ್ನ ಬಾಲ್ಕನಿಯಿಂದಲೇ ಸಾಗಹಾಕಿದ, ಇನ್ನು ನಿಮ್ಮ ಹೊಸ್ತಿಲು ತುಳಿಯಲ್ಲ," ಎಂದ. ಎದುರಿನ ತರಕಾರಿ ಗಾಡಿಯವನು ಮಾತ್ರ ಬೆರಳುಗಳನ್ನು ಸರಿಯಾಗಿ ಓದಿಕೊಂಡಿದ್ದ. ಮಾರನೆಯ ದಿನದಿಂದ ತಾನೇ ಗೇಟು ತೆಗೆದುಕೊಂಡು ಒಳಗೆ ಬಂದು ಮನೆ ಮನೆಗೆ ತರಕಾರಿ ಕೊಟ್ಟ.

ಅಧ್ಯಕ್ಷರ ಹೊಸ ಕಾಲೊರಸೂ ಕಳುವಾಯಿತು. ಈ ಸಲ ಸಭೆಯಲ್ಲಿ ಅವರ ಧ್ವನಿ ನಡುಗುತ್ತಿತ್ತು. "ಇವನು ಸಾಮಾನ್ಯ ಕಳ್ಳನಲ್ಲ. ಹತ್ತೊಂಬತ್ತರ ತನಕ ತಪ್ಪದೆ ಎಣಿಸೋ ಕಳ್ಳ. ನಮ್ಮಲ್ಲಿ ಅಷ್ಟು ಓದಿದವರು ಯಾರಿದ್ದಾರೆ?" ಎಂದರು. ಎಲ್ಲರೂ ಎರಡನೆಯ ಮಹಡಿಯ ಟ್ಯೂಷನ್ ಮೇಡಂ ಕಡೆ ತಿರುಗಿದರು. ಆಕೆ ಅಂದಿನಿಂದ ಬೇಕೆಂದೇ ತಪ್ಪು ತಪ್ಪಾಗಿ ಒತ್ತಿ, ಡಬ್ಬಿ ಕುಂಯ್ ಎನ್ನುವವರೆಗೂ ಎಲ್ಲರೆದುರು ನಿಲ್ಲುತ್ತಿದ್ದರು.

ಇರಲಿ. ಇಷ್ಟೆಲ್ಲದರ ನಡುವೆ ನನ್ನ ಬದುಕಿನ ಮೊದಲ ದೊಡ್ಡ ಆರ್ಡರು ಬಂದಿತು. ದೊಡ್ಡ ರಸ್ತೆಯ ಹೋಟೆಲಿನ ವಾರ್ಷಿಕೋತ್ಸವಕ್ಕೆ ಮೂರು ಅಂತಸ್ತಿನ ಕೇಕು. ಸಂಜೆ ಐದಕ್ಕೆ ಅಲ್ಲಿರಬೇಕು. ಇಷ್ಟವಾದರೆ ಹೋಟೆಲಿನ ಕೇಕೆಲ್ಲ ಇನ್ನು ನನ್ನದೇ ಎಂದಿದ್ದರು ಮ್ಯಾನೇಜರು. ಎಷ್ಟೋ ವರ್ಷದಿಂದ ನಾನು ಬೇರೆಯವರ ಮಕ್ಕಳ ಹೆಸರನ್ನು ಕ್ರೀಮಿನಲ್ಲಿ ಬರೆದುಕೊಂಡು ಬಂದವಳು. ನನ್ನ ಹೆಸರಿನ ಬೋರ್ಡು ಹಾಕಿದ ಒಂದು ಅಂಗಡಿ ಕೋಣೆ ಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ ನಕ್ಕಾರು ಎಂಬ ಭಯ.

ಎರಡು ದಿನ ನಿದ್ದೆಗೆಟ್ಟು ಮಾಡಿದೆ. ಕೆಳಗೆ ಚಾಕೊಲೇಟು, ನಡುವೆ ಕಿತ್ತಳೆ, ಮೇಲೆ ಬಿಳಿ ಕ್ರೀಮು, ಸುತ್ತ ಕ್ರೀಮಿನ ಗುಲಾಬಿಗಳು. ಅತ್ತೆ ಬಂದು ನೋಡಿ, "ಇದನ್ನ ತಿನ್ನೋಕೆ ಮನಸ್ಸಾದರೂ ಹೇಗೆ ಬರುತ್ತೇ?" ಎಂದರು. ಸೊಸೆಯನ್ನು ಹೊಗಳಿದ್ದು ಅದೇ ಮೊದಲಾದ್ದರಿಂದ ಕೂಡಲೇ ಕೆಮ್ಮಿ ಒಳಗೆ ಹೋದರು. ಇವರು ಅರ್ಧ ದಿನ ರಜೆ ಹಾಕಿ ಬಂದರು. ನಾವಿಬ್ಬರೂ ಹಲಗೆಯ ಎರಡು ತುದಿ ಹಿಡಿದು, ಮೆಟ್ಟಿಲಿಗೊಮ್ಮೆ ಉಸಿರು ಬಿಗಿಹಿಡಿದು ಕೇಕನ್ನು ಕೆಳಗಿಳಿಸಿ, ಗೇಟಿನ ಪಕ್ಕದ ಕಟ್ಟೆಯ ಮೇಲಿಟ್ಟೆವು. ಹೊರಗೆ ಹೋಟೆಲಿನ ವ್ಯಾನು ನಿಂತಿತ್ತು. ಡ್ರೈವರು ಹಿಂದಿನ ಬಾಗಿಲು ತೆರೆದು ಕಾಯುತ್ತಿದ್ದ.

ಇವರು ಗುಂಡಿ ಒತ್ತಲು ಹೋದರು. "ನೀವು ಬೇಡ, ನಾನು ಒತ್ತುತ್ತೀನಿ," ಎಂದು ನಾನೇ ಪಟಪಟನೆ ಒತ್ತಿದೆ. ಒಂದರ ಗುಂಡಿ ಒಳಗೆ ಹೋದದ್ದು ಹೊರಗೆ ಬರಲಿಲ್ಲ.

ಪಾಪ, ಅದಾದರೂ ಏನು ಮಾಡೀತು? ಮಿಕ್ಕ ಒಂಬತ್ತು ಗುಂಡಿಗಳು ಮದುವೆಮನೆಗೆ ಬಂದ ಬೀಗರ ಹಾಗೆ ಕೂತಿದ್ದವು, ದುಡಿದು ಸತ್ತದ್ದು ಅದೊಂದೇ. ಉಗುರಿನಲ್ಲಿ ಮೀಟಿ ಎತ್ತಿದರೆ ಬರುತ್ತಿತ್ತು, ಜೋರಾಗಿ ಅದುಮಿದರೆ ಹೋಗುತ್ತಿತ್ತು. ಒಂದು ಸಲ ಒತ್ತಿ ಎತ್ತುವಷ್ಟರಲ್ಲಿ ಎರಡು ಉಸಿರಾಟದ ಹೊತ್ತು. ಹತ್ತು ಹನ್ನೊಂದರ ಹತ್ತಿರ ಬರುವಷ್ಟರಲ್ಲಿ ಡಬ್ಬಿ ತಾನಾಗಿಯೇ ಕುಂಯ್.

ಜನ ಸೇರಿತು. ನಮ್ಮಲ್ಲಿ ಕೆಲಸಕ್ಕೆ ಜನ ಸೇರುವುದಿಲ್ಲ, ಕೆಲಸ ಕೆಟ್ಟರೆ ಸೇರುತ್ತಾರೆ. ಗೇಟಿನ ಮೇಲೆ ಮೊಳೆ, ಗೋಡೆಯ ಮೇಲೆ ಗಾಜಿನ ಚೂರು, ಹಿಂದಿನ ಬಾಗಿಲಿಗೆ ಇಟ್ಟಿಗೆ. ಎಲ್ಲ ಇವರದೇ ಸಲಹೆ.

"ಬಿಡಿಸಿ ಒಂದೊಂದೇ ಅಂತಸ್ತು ಸರಳಿನ ಸಂದಿಯಿಂದ ದಾಟಿಸಿಬಿಡಿ," ಎಂದರು ಟ್ಯೂಷನ್ ಮೇಡಂ.

"ಬಿಡಿಸಿದರೆ ಅದು ಕೇಕಲ್ಲ ಮೇಡಂ, ಅಪಘಾತ," ಎಂದೆ.

ಅಧ್ಯಕ್ಷರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸೋಣ. ಸ್ಟೇಷನ್ನಿನಲ್ಲಿ ಪಾರ್ಸೆಲ್ಲುಗಳನ್ನ ಹೀಗೇ ಇಳಿಸ್ತಿದ್ವಿ. ಮೊದಲು ನೀರು ತುಂಬಿದ ಬಕೆಟ್ ಇಳಿಸಿ ಪರೀಕ್ಷೆ ಮಾಡ್ತೀನಿ. ಒಂದು ಹನಿಯೂ ತುಳುಕದಿದ್ದರೆ ಕೇಕು." ತಾವೇ ಮೇಲೆ ಹೋಗಿ ಬಕೆಟ್ ಇಳಿಬಿಟ್ಟರು. ಒಂದು ಹನಿಯೂ ತುಳುಕಲಿಲ್ಲ. ಇಡೀ ಬಕೆಟ್ಟೇ ಮಗುಚಿ ಹೋಟೆಲಿನ ಡ್ರೈವರನ ತಲೆಯ ಮೇಲೆ ಬಿದ್ದಿತು. ಅವನು ಕಣ್ಣು ಒರೆಸಿಕೊಂಡು, "ಅಮ್ಮಾ, ನಾನು ಇನ್ನು ಕಾಲು ಗಂಟೆ ನೋಡ್ತೀನಿ. ಆಮೇಲೆ ಬೇಕರಿಯಿಂದ ಯಾವುದಾದರೂ ಕೇಕು ತಗೊಂಡು ಹೋಗ್ತೀನಿ. ಬರೀ ಕೈಯಲ್ಲಿ ಹೋದರೆ ನನ್ನ ಕೆಲಸ ಹೋಗುತ್ತೆ," ಎಂದ.

ಬಿಸಿಲಿಗೆ ಮೇಲಿನ ಕ್ರೀಮು ಬೆವರುತ್ತಿತ್ತು. "ನಿಮ್ಮ ಸಂಖ್ಯೆಗೆ ಬೆಂಕಿ ಬಿತ್ತು! ಬ್ಯಾಂಕು ಕಾಯೋಕೆ ಹೋಗಿ ನನ್ನ ಅನ್ನಕ್ಕೆ ಬೀಗ ಹಾಕಿದ್ರಲ್ರೀ!" ಎಂದು ಎಲ್ಲರೆದುರೇ ಕೂಗಿದೆ. ಇವರು ಬೀಗದವನಿಗೆ ಫೋನು ಹಚ್ಚಿದರು. ನಾನು ಪಕ್ಕದಲ್ಲೇ ಇದ್ದೆ. ಇವರ ಫೋನಿನ ಧ್ವನಿ ಸ್ವಲ್ಪ ದೊಡ್ಡದು, ಅವನು ಹೇಳಿದ್ದೆಲ್ಲ ನನ್ನ ಕಿವಿಗೂ ಬಿತ್ತು. ಮಿಕ್ಕವರಿಗೆ ಕೇಳಿಸುವಂತಿರಲಿಲ್ಲ.

"ಗುಂಡಿ ಹೋಯ್ತಾ? ಇಷ್ಟು ಬೇಗ ಯಾಕೆ ಹೋಯ್ತು ಸರ್?"

"ದಿನಕ್ಕೆ ಎಷ್ಟು ಸಲ ಒತ್ತಬೇಕಪ್ಪಾ ಅದನ್ನ! ಒಬ್ಬೊಬ್ಬರೂ ಹತ್ತೊಂಬತ್ತು ಸಲ."

"ಎಲ್ಲ ಹತ್ತೊಂಬತ್ತೂ ಒತ್ತುತ್ತಾ ಇದ್ದೀರಾ?"

"ಮತ್ತೆ?"

"ಸರ್... ಅದು ಮೊದಲ ನಾಲ್ಕೇ ನೋಡೋದು. ಮಿಕ್ಕಿದ್ದನ್ನ ಎಷ್ಟು ಒತ್ತಿದರೂ ಕಿವಿಗೆ ಹಾಕ್ಕೊಳ್ಳಲ್ಲ. ಆವತ್ತು ಐವತ್ತು ಒತ್ತಿ ಅಂದೆನಲ್ಲ, ಮಾರಾಟದ ಮಾತು ಅದು. ಬೇಗ ಒತ್ತಿ ಹಸಿರು ಒತ್ತದಿದ್ದರೆ ಮಾತ್ರ ಅಳುತ್ತೆ, ಅದಕ್ಕೆ ಟೈಮಿದೆ."

ಇವರ ಮುಖ ಬಿಳಿಚಿಕೊಂಡಿತು.

"ಯಾರಿಗೂ ಹೇಳಬೇಡಿ ಸರ್," ಎಂದು ಅವನು ಪಿಸುಗುಟ್ಟಿದ. "ನನಗೂ ಮರ್ಯಾದೆ ಪ್ರಶ್ನೆ, ನಿಮಗೂ ಮರ್ಯಾದೆ ಪ್ರಶ್ನೆ. ಕತ್ತಲಾದ ಮೇಲೆ ಬಂದು ಹೊಸ ಗುಂಡಿ ಹಾಕಿಕೊಡ್ತೀನಿ. ಗುಂಡಿ ಕೆಟ್ಟಿತ್ತು ಅಂದುಬಿಡೋಣ, ಮುಗೀತು."

ನಾನೇ ಕೂಗಿ ಹೇಳಬಹುದಿತ್ತು. ಬೇರೆ ದಿನವಾಗಿದ್ದರೆ ಕೂಗಿಯೇ ಇರುತ್ತಿದ್ದೆ. ಆದರೆ ಇವರ ಮುಖ ನೋಡಿ ನಾಲಿಗೆ ಏಳಲಿಲ್ಲ. ಸುತ್ತ ಟ್ಯೂಷನ್ ಮೇಡಂ, ಕೆಳಮನೆ ಅಕ್ಕ, ಮೇಲೆ ಅಧ್ಯಕ್ಷರು, ಬಾಲ್ಕನಿ ಬಾಲ್ಕನಿಯಲ್ಲೂ ತಲೆಗಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾಲ್ಕು ಜನ ಇವರ ಮಾತು ನಂಬಿದ್ದರು. ಸುಮ್ಮನಿದ್ದರೆ ನಾಳೆಯೂ ನಂಬುತ್ತಿದ್ದರು. ಇವರು ಫೋನು ಜೇಬಿಗಿಟ್ಟು ಕಟ್ಟೆಯ ಕಡೆ ನೋಡಿದರು. ಮೇಲಿನ ಅಂತಸ್ತಿನ ಒಂದು ಗುಲಾಬಿ ಮೆಲ್ಲನೆ ಜಾರುತ್ತಿತ್ತು.

"ಎಲ್ಲರೂ ಕೇಳಿ," ಎಂದರು ಇವರು. "ಈ ಬೀಗಕ್ಕೆ ಹತ್ತೊಂಬತ್ತು ಬೇಕಿಲ್ಲ. ನಾಲ್ಕು ಒಂದು ಸಾಕು. ಮೊದಲಿನಿಂದಲೂ ನಾಲ್ಕೇ ಸಾಕಿತ್ತು. ನಿಮ್ಮನ್ನೆಲ್ಲ ಸುಮ್ಮನೆ ನಿಲ್ಲಿಸಿದೆ. ನಿಮ್ಮ ಎಣಿಕೆ ತಪ್ಪಲ್ಲ, ನನ್ನದೇ ತಪ್ಪು."

ಉಗುರಿನಿಂದ ಗುಂಡಿ ಮೀಟಿದರು, ಅದುಮಿದರು. ಮೀಟಿದರು, ಅದುಮಿದರು. ಹೆಬ್ಬೆರಳಿನಿಂದ ರಕ್ತ ಬಂತು. ಜೀವಮಾನದಲ್ಲಿ ಮೊದಲ ಸಲ ಅವಸರ ಮಾಡಿದರು. ನಾಲ್ಕಾಯಿತು. ಹಸಿರು ಒತ್ತಿದರು.

ಗೇಟು ಕಟಕ್ಕೆಂದಿತು.

ಆಮೇಲೆ ಬಾಲ್ಕನಿಗಳಿಂದ ನಗು ಎದ್ದಿತು ನೋಡಿ, ಬೀದಿಯ ಕೊನೆಯವರೆಗೂ ಹೋಯಿತು. "ನಾಲ್ಕು! ಬರೀ ನಾಲ್ಕು! ನನ್ನ ಬೆರಳು ಸವೆಸಿದಿರಲ್ರೀ!" ಎಂದು ಅಧ್ಯಕ್ಷರು ಮೇಲಿನಿಂದ ಕಿರುಚಿದರು. ಕೆಳಮನೆ ಅಕ್ಕ, "ನಾನು ಯಾವತ್ತೂ ಎಣಿಸಿಯೇ ಇಲ್ಲ ಬಿಡಿ," ಎಂದರು. ಇವರು ತಲೆ ತಗ್ಗಿಸಿ ಹಲಗೆಯ ತಮ್ಮ ತುದಿ ಹಿಡಿದುಕೊಂಡರು. ನಾನು ನನ್ನ ತುದಿ ಹಿಡಿದೆ. ಆ ನಗುವಿನ ನಡುವೆಯೇ ಕೇಕು ವ್ಯಾನು ಹತ್ತಿತು.

ವ್ಯಾನಿನ ಹಿಂಬದಿಯಲ್ಲಿ ಕೇಕಿನ ಆ ಕಡೆ ಇವರು, ಈ ಕಡೆ ನಾನು. ಇವರು ಅಷ್ಟು ಹೊತ್ತು ಮಾತಾಡದೆ ಕೂತದ್ದನ್ನು ನಾನು ಕಂಡದ್ದೇ ಇಲ್ಲ. ನಾನೇ ಕೆದಕಿದೆ.

"ರೀ, ಈ ನಾಲ್ಕು ಒಂದು ಇದೆಯಲ್ಲ... ಸಾವಿರದ ನೂರಾ ಹನ್ನೊಂದು. ಅದು ಭಾಗ ಆಗುತ್ತಾ?"

"ಆಗುತ್ತೆ," ಎಂದರು ಸಣ್ಣ ಧ್ವನಿಯಲ್ಲಿ. "ಹನ್ನೊಂದರಿಂದ. ನೂರಾ ಒಂದು ಸಲ ಹೋಗುತ್ತೆ. ಮಾಮೂಲಿ ಸಂಖ್ಯೆ."

"ಹನ್ನೊಂದು?"

"ಅದು ಭಾಗ ಆಗಲ್ಲ."

"ನೂರಾ ಒಂದು?"

ಇವರ ತುಟಿ ಅಲ್ಲಾಡಿತು. ಎರಡು, ಮೂರು, ಐದು, ಏಳು... ಕಣ್ಣು ಅರಳಿತು. "ಅದೂ ಆಗಲ್ಲ ಕಣೇ! ಎರಡೂ ಅವಿಭಾಜ್ಯ!" ಎಂದು ಕೂಗಿದರು. ಡ್ರೈವರು ಬೆಚ್ಚಿ ಬ್ರೇಕು ಒತ್ತಿದ. ಕೇಕನ್ನು ನಾವಿಬ್ಬರೂ ತಬ್ಬಿಕೊಂಡು ಉಳಿಸಿದೆವು.

ಹೋಟೆಲಿನ ಮ್ಯಾನೇಜರು ಕೇಕಿನ ಸುತ್ತ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಗುಲಾಬಿ ಜಾರಿದ ಜಾಗದಲ್ಲಿ ನಾನು ಅಷ್ಟರಲ್ಲಿ ಬೇರೆ ಗುಲಾಬಿ ಕೂರಿಸಿದ್ದೆ. "ನೀವು ಇಷ್ಟು ದಿನ ಎಲ್ರೀ ಇದ್ದಿರಿ?" ಎಂದರು. "ಇನ್ನು ಮೇಲೆ ನಮ್ಮ ಕೇಕೆಲ್ಲ ನಿಮ್ಮದೇ." ನನಗೆ ಕಣ್ಣು ತುಂಬಿ ಬಂತು, ಮುಚ್ಚಿಕೊಳ್ಳಲಿಲ್ಲ.

"ಒಂದೇ ಮಾತು," ಎಂದರು ಮ್ಯಾನೇಜರು. "ಹೋದ ವರ್ಷ ಒಬ್ಬರಿಗೆ ದೊಡ್ಡ ತುಂಡು, ಒಬ್ಬರಿಗೆ ಸಣ್ಣ ತುಂಡು ಬಂದು ಜಗಳವಾಗಿತ್ತು. ಈ ಸಲ ಎಲ್ಲರಿಗೂ ಒಂದೇ ಸಮ ಬರಬೇಕು. ಹೇಗೆ ಕತ್ತರಿಸೋದು?"

ಕೇಕು ಕತ್ತರಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇವರು ಗೋಡೆಗೆ ಒರಗಿ, ರಕ್ತ ಬಂದ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡು, ಯಾರಿಗೂ ಬೇಡವಾದವರ ಹಾಗೆ ನಿಂತಿದ್ದರು.

"ನಮ್ಮನೆಯವರನ್ನ ಕೇಳಿ ಸರ್," ಎಂದೆ. "ನಮ್ಮಲ್ಲಿ ಲೆಕ್ಕವೆಲ್ಲ ಅವರದು."

ಮ್ಯಾನೇಜರು ಗೌರವದಿಂದ ಇವರ ಕಡೆ ತಿರುಗಿದರು. ಇವರು ನನ್ನನ್ನು ನೋಡಿದರು. ಬೆನ್ನು ನೆಟ್ಟಗಾಯಿತು. ಶರಟಿನ ಕಾಲರು ಸರಿಮಾಡಿಕೊಂಡರು. "ಜನ ಎಷ್ಟು?" ಎಂದರು.

"ನೂರಾ ಮೂರು."

ಇವರ ತುಟಿ ಅಲ್ಲಾಡತೊಡಗಿತು. ಮುಖದ ಮೇಲೆ ಬೆಳಕು ಹರಿಯಿತು. ನಾನು ಮಾಡಿದ ಎಡವಟ್ಟು ಆಗ ನನಗೆ ಹೊಳೆಯಿತು.

"ಇದನ್ನ ಸಾಲು ಸಾಲಾಗಿ ಸಮನಾಗಿ ಕತ್ತರಿಸೋಕೆ ಸಾಧ್ಯವೇ ಇಲ್ಲ ಸರ್!" ಎಂದು ಇವರು ಮ್ಯಾನೇಜರ ಎರಡೂ ಕೈ ಹಿಡಿದುಕೊಂಡು ಆನಂದದಿಂದ ಹೇಳಿದರು. "ಏನು ಮಾಡಿದರೂ ಆಗಲ್ಲ! ಬ್ಯಾಂಕುಗಳಲ್ಲಿ ಕೂಡ..."

ಮ್ಯಾನೇಜರು ಗಾಬರಿಯಿಂದ ನನ್ನ ಕಡೆ ನೋಡಿದರು. ನಾನು ಚಾಕು ತೆಗೆದುಕೊಂಡೆ.

"ನೂರಾ ನಾಲ್ಕು ಮಾಡ್ತೀನಿ ಸರ್," ಎಂದೆ. "ಎಂಟು ಸಾಲು, ಸಾಲಿಗೆ ಹದಿಮೂರು. ಸರಿಹೋಗುತ್ತೆ."

"ಜನ ನೂರಾ ಮೂರೇ ಅಲ್ವಾ? ಹೆಚ್ಚಿಗೆ ಇರೋ ತುಂಡು ಯಾರಿಗೆ?"

"ಗೇಟು ತೆಗೆದವರಿಗೆ," ಎಂದೆ.